ರೊಡ್ನಿಯ ಹೆಗಲ ಮೇಲಿನ ಕೈ

ಮಾರ್ಲಿಸ್ ಸಾಲೋ ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಬೋರ್ಡು ಬರೆಯುವ ಅಂಗಡಿಯಲ್ಲಿ ಕಂಪ್ಯೂಟರೇ ಇರಲಿಲ್ಲ. ಅವಳು ಕುಂಚ ಹಿಡಿದು ಲಾರಿಗಳ ಬಾಗಿಲ ಮೇಲೆ ಹೆಸರು ಬರೆಯುತ್ತಿದ್ದಳು. ಉತ್ತರ ಮಿನ್ನೆಸೋಟಾದ ಈ ಕಬ್ಬಿಣದ ಗಣಿಗಳ ಸೀಮೆಯಲ್ಲಿ ಅವಳ ಅಕ್ಷರ ಹೊತ್ತ ಗಾಡಿ ಎದುರಾಗದೆ ಪೇಟೆ ದಾಟುವುದು ಆಗ ಕಷ್ಟವಿತ್ತು. ಆಮೇಲೆ ವಿನೈಲ್ ಕತ್ತರಿಸುವ ಯಂತ್ರ ಬಂತು. ಹಿಂಬದಿಗೆ ಅಂಟು ಬಳಿದ ಪ್ಲಾಸ್ಟಿಕ್ ಹಾಳೆಯನ್ನು ಅದರ ಚಿಕ್ಕ ಬ್ಲೇಡು ಕಂಪ್ಯೂಟರ್ ಹೇಳಿದ ಗೆರೆ ಹಿಡಿದು ಕೊಯ್ದುಕೊಡುತ್ತಿತ್ತು. ಕುಂಚದವರೆಲ್ಲ ಮನೆಗೆ ಹೋದರು. ಮಾರ್ಲಿಸ್ ಮೌಸ್ ಹಿಡಿಯುವುದನ್ನು ಕಲಿತು ಉಳಿದುಕೊಂಡಳು.

ನಾನು ಅವಳ ಪಕ್ಕದ ಮೇಜಿನವಳು. ಯಂತ್ರ ಕೊಯ್ದ ಹಾಳೆಯಿಂದ ಬೇಡದ ಚೂರುಗಳನ್ನು ಕೊಕ್ಕೆಯಿಂದ ಎತ್ತಿ ಬಿಸಾಡುವುದು ನನ್ನ ಕೆಲಸ. ಗಿರಾಕಿಗಳು ತರುತ್ತಿದ್ದುದು ಎಂಥೆಂಥ ಚಿತ್ರಗಳನ್ನು! ಒದ್ದೆಯಾದ ವಿಸಿಟಿಂಗ್ ಕಾರ್ಡು, ಫೋನಿನಲ್ಲಿ ತೆಗೆದ ಮಸುಕು ಫೋಟೋ, ಬೆವರು ನಾರುವ ಟೀ ಶರ್ಟು. ಚಿತ್ರವನ್ನು ತಾನೇ ಗೆರೆಯಾಗಿಸಿ ಕೊಡುವ ಗುಂಡಿಯೊಂದು ಕಂಪ್ಯೂಟರಿನಲ್ಲಿದೆ. ಅದನ್ನು ಒತ್ತಿದರೆ ಚಿತ್ರದ ಕೊಳೆಯೂ ಗೆರೆಯಾಗುತ್ತದೆ, ಬ್ಲೇಡು ಹೆಜ್ಜೆಹೆಜ್ಜೆಗೂ ಎಡವಿ ಹಾಳೆಯನ್ನು ಹರಿದುಹಾಕುತ್ತದೆ. ಮಾರ್ಲಿಸ್ ಆ ಗುಂಡಿಯ ತಂಟೆಗೇ ಹೋಗುತ್ತಿರಲಿಲ್ಲ. ಚಿತ್ರವನ್ನು ಅಡಿಯಲ್ಲಿಟ್ಟುಕೊಂಡು ಮೇಲೆ ಹೊಸದಾಗಿ ಗೆರೆ ಎಳೆಯುವಳು. ಪ್ರತಿ ಗೆರೆಯೂ ಸುತ್ತಿ ಬಂದು ತನ್ನ ಬಾಲವನ್ನು ಮುಟ್ಟಿದೆಯೇ ಎಂದು ನೋಡುವಳು.

"ಗೆರೆ ಬಾಯಿ ಬಿಟ್ಕೊಂಡಿದ್ರೆ ಪಾಪ ಬ್ಲೇಡು ಎಲ್ಲಿಗೆ ಹೋಗ್ಬೇಕು ಹೇಳು?" ಅನ್ನುವಳು.

"ಮಾರ್ಲಿಸ್ ಗಂಡನ್ನ ಬಿಟ್ರೂ ಬಿಟ್ಟಾಳು, ಗೆರೆ ಬಿಡೋಳಲ್ಲ," ಎಂದು ನಮ್ಮ ಯಜಮಾನ ಬರ್ಟ್ ಎಲ್ಲರೆದುರಿಗೂ ನಗೆಯಾಡುತ್ತಿದ್ದ. ಕೊನೆಗೆ ಬಿಟ್ಟವನು ಗಂಡ. ಬರ್ಟ್ ಆ ಮಾತನ್ನು ಅಲ್ಲಿಗೆ ನಿಲ್ಲಿಸಿದ.

ಗಂಡನ ಹೆಸರು ರೊಡ್ನಿ ಕೊಚೆವರ್. ಗಣಿಯಲ್ಲಿ ಅದಿರಿನ ದೊಡ್ಡ ಲಾರಿ ಓಡಿಸುತ್ತಿದ್ದ. ಎತ್ತರದ ಆಳು, ಮಾತುಗಾರ, ಎಲ್ಲಿ ಕೂತರೂ ಸುತ್ತ ನಾಲ್ಕು ಜನ. ಗಣಿ ಮುಚ್ಚಿದಾಗಲೆಲ್ಲ ಮನೆ ನಡೆದದ್ದು ಮಾರ್ಲಿಸಳ ಮೌಸಿನಿಂದ. ಕೆರೆದಂಡೆಯ ಮರದ ಮನೆಯನ್ನು ಇಬ್ಬರೂ ಸೇರಿ ಹಲಗೆ ಹಲಗೆಯಾಗಿ ಕಟ್ಟಿದ್ದರು. ಮಗಳು ಟ್ರೀನಾ ಮದುವೆಯಾಗಿ ಹೋದ ಮೇಲೆ ರೊಡ್ನಿಗೆ ಬಾರಿನಲ್ಲಿ ಬಡಿಸುತ್ತಿದ್ದ ಶೆಲ್ಲಿ ಸಿಕ್ಕಳು. ಕೆರೆಯ ಮನೆ ಅವರಿಬ್ಬರ ಪಾಲಾಯಿತು. ಮಾರ್ಲಿಸ್ ಬೇಕರಿಯ ಮೇಲಿನ ಬಾಡಿಗೆ ಕೋಣೆಗೆ ಬಂದಳು.

ಅವಳಿಗೆ ಅದಕ್ಕಿಂತ ಉರಿದದ್ದು ಮಗಳ ನಡತೆ. ಮೊಮ್ಮಕ್ಕಳಿಗೆ ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮದ ಗಾಡಿ, ಎಲ್ಲ ಇದ್ದದ್ದು ಅಜ್ಜನ ಮನೆಯಲ್ಲಿ. ಕ್ರಿಸ್‌ಮಸ್ಸೂ ಅಲ್ಲೇ ನಡೆಯುತ್ತಿತ್ತು. ಮಾರ್ಲಿಸಳಿಗೆ ಮಾರನೆಯ ದಿನ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಹಂದಿಮಾಂಸ ಬರುತ್ತಿತ್ತು.

"ನಾಯಿಗೆ ಹಾಕಕ್ಕೆ ಅಂತ ಕಟ್ಟಿರ್ತಾರೆ, ದಾರೀಲಿ ನಾನು ಸಿಕ್ತೀನಿ," ಎಂದು ಅದನ್ನೇ ಬ್ರೆಡ್ಡಿಗಿಟ್ಟುಕೊಂಡು ತಿನ್ನುತ್ತಿದ್ದಳು.

ಹೋದ ಚಳಿಗಾಲ ರೊಡ್ನಿ ಸತ್ತ. ಹೆಪ್ಪುಗಟ್ಟಿದ ಕೆರೆಯ ಮೇಲೆ ತೂತು ಕೊರೆದು ಮೀನು ಹಿಡಿಯುವ ಗೂಡಿನಲ್ಲಿ ಕೂತಿದ್ದವನ ಎದೆ ಅಲ್ಲೇ ನಿಂತಿತ್ತು. ಸುದ್ದಿ ಕೇಳಿ ಮಾರ್ಲಿಸ್ ಕೋಟು ಹಾಕಿಕೊಂಡು ಅಂಗಡಿಯ ಹಿಂದೆ ಹೋಗಿ ನಿಂತಳು. ಒಳಗೆ ಬಂದವಳೇ ಅರ್ಧಕ್ಕೆ ಬಿಟ್ಟಿದ್ದ ಪ್ಲಂಬರನ ಬೋರ್ಡನ್ನು ಮುಗಿಸಿದಳು.

ನಮ್ಮ ಕಡೆ ಯಾರಾದರೂ ಸತ್ತರೆ ಅವರ ಮುಖ, ಹೆಸರನ್ನು ಬಿಳಿ ವಿನೈಲಿನಲ್ಲಿ ಕೊಯ್ಸಿ ಗಾಡಿಯ ಹಿಂದಿನ ಗಾಜಿಗೆ ಅಂಟಿಸಿಕೊಳ್ಳುತ್ತಾರೆ. ಟ್ರೀನಾ ಬಂದದ್ದು ಅದಕ್ಕೇ. ಅತ್ತು ಅತ್ತು ಕಣ್ಣು ಊದಿದ್ದವು. ತಾಯಿಯ ಎದುರು ಒಂದು ಫೋಟೋ ಇಟ್ಟಳು. ಕೆರೆಯ ಕಟ್ಟೆಯ ಮೇಲೆ ಚೌಕಳಿ ಅಂಗಿ ತೊಟ್ಟು ಬಾಯ್ತುಂಬ ನಗುತ್ತಿರುವ ರೊಡ್ನಿ. ಪಕ್ಕದಲ್ಲಿದ್ದವರನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಅವನ ಹೆಗಲ ಮೇಲೆ ಒಂದು ಕೈ ಮಾತ್ರ ಉಳಿದಿತ್ತು.

"ಬೇರೆ ಫೋಟೋ ಇರ್ಲಿಲ್ವಾ?" ಎಂದಳು ಮಾರ್ಲಿಸ್.

"ಎಲ್ಲದ್ರಲ್ಲೂ ಟೋಪಿ, ಕಪ್ಪು ಕನ್ನಡಕ. ನಕ್ಕಿರೋದು ಇದೊಂದೇ. ಶೆಲ್ಲಿಗೂ ಇದೇ ಇಷ್ಟ ಆಯ್ತು. ಆದ್ರೆ... ಈ ಕೈ ತೆಗೆದ್ಬಿಡಮ್ಮ."

"ಯಾರ ಕೈ ಅದು?"

"ಗೊತ್ತಿದ್ದೂ ಕೇಳ್ಬೇಡ. ಶೆಲ್ಲಿ ಈಗ್ಲೇ ಅರ್ಧ ಸತ್ತಿದ್ದಾಳೆ. ಅವಳ ಗಾಡಿ ಮೇಲೆ ನಿನ್ನ ಕೈ ಇದ್ರೆ ಚೆನ್ನಾಗಿರುತ್ತಾ ಹೇಳು."

"ಚೆನ್ನಾಗಿರಲ್ಲ," ಎಂದು ಮಾರ್ಲಿಸ್ ಫೋಟೋ ತೆಗೆದುಕೊಂಡಳು.

ಬರ್ಟ್‌ಗೆ ಅಯ್ಯೋ ಅನ್ನಿಸಿರಬೇಕು. "ನೀನು ಬಿಡು, ನಾನೇ ಮಾಡ್ತೀನಿ," ಎಂದು ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಆ ಗುಂಡಿ ಒತ್ತಿದ. ಬೆರಳುಗಳೆಲ್ಲ ಕಲೆತು ಹೆಗಲ ಮೇಲೆ ಗೆಡ್ಡೆ ಎದ್ದಂತಾಯಿತು. ನಗು ಹೋಗಿ ಹಲ್ಲುನೋವಿನವನ ಮುಖ ಬಂತು.

"ಏಳೋ ಮಾರಾಯ," ಎಂದು ಮಾರ್ಲಿಸ್ ಅವನನ್ನು ಕುರ್ಚಿಯಿಂದ ಎಬ್ಬಿಸಿದಳು.

ಆ ದಿನವೆಲ್ಲ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಕಪ್ಪು ಗಾಜಿಗೆ ಬಿಳಿ ಹಾಳೆ; ಹಾಗಾಗಿ ಮುಖದಲ್ಲಿ ಬಿಸಿಲು ಬಿದ್ದ ಕಡೆಗಳನ್ನಷ್ಟೇ ಚೂರುಚೂರಾಗಿ ಬರೆಯಬೇಕು, ನೆರಳನ್ನು ಗಾಜಿಗೆ ಬಿಡಬೇಕು. ಹಣೆ ಬಂತು, ಮೂಗಿನ ದಂಡೆ ಬಂತು, ನಗು ಬಂತು. ಕೊನೆಗೆ ಕೈಯ ಹತ್ತಿರ ಬಂದಳು. ಕೈ ತೆಗೆಯುವುದು ಸುಲಭ. ಅದರಡಿ ಇರುವ ಹೆಗಲನ್ನು ಎಲ್ಲಿಂದ ತರುವುದು? ಅವಳು ಫೋಟೋ ಕಡೆ ನೋಡಲೂ ಇಲ್ಲ. ಅವನು ಏಣಿಯಿಂದ ಬಿದ್ದು ಕೊರಳ ಮೂಳೆ ಮುರಿದುಕೊಂಡಾಗ ತಿಂಗಳುಗಟ್ಟಲೆ ಅಂಗಿ ತೊಡಿಸಿದವಳು ಅವಳೇ. ಆ ಕಡೆಯ ಹೆಗಲು ಆಮೇಲೆ ತುಸು ಇಳಿದೇ ಇತ್ತು. ಇಳಿಸಿಯೇ ಬರೆದಳು.

ಶೆಲ್ಲಿಯ ಫೋನು ಬಂದದ್ದು ಮರುದಿನ. ಟ್ರೀನಾ ಅವಳಿಗೆ ಚಿತ್ರ ಕಳಿಸಿದ್ದಳು. ಮಾರ್ಲಿಸ್ ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳುವಂತೆ ಮಾಡಿ ಕೆಲಸ ಮುಂದುವರಿಸಿದಳು.

"ತುಂಬಾ ಚೆನ್ನಾಗಿ ಬಂದಿದೆ ಮಾರ್ಲಿಸ್. ಒಂದೇ ಒಂದು. ಆ ಮುಂದಿನ ಹಲ್ಲು ಮುರಿದಿದೆಯಲ್ಲ, ನಮ್ಮ ಮದುವೆ ಹೊತ್ಗೆ ಅದನ್ನ ಸರಿ ಮಾಡ್ಸಿದ್ರು. ನನ್ನ ರೊಡ್ನಿಗೆ ಹಲ್ಲು ಪೂರ್ತಿ ಇತ್ತು."

"ನನ್ನ ರೊಡ್ನಿಗೆ ಇರ್ಲಿಲ್ಲ," ಎಂದಳು ಮಾರ್ಲಿಸ್. ಪರದೆಯ ಮೇಲೆ ಆ ಹಲ್ಲನ್ನು ದೊಡ್ಡದು ಮಾಡಿಕೊಂಡು, "ಆಯ್ತು, ತುಂಬ್ಸಿ ಕೊಡ್ತೀನಿ," ಎಂದು ಫೋನಿಟ್ಟಳು.

"ನಿಂಗೇನು ಹುಚ್ಚೇನೇ? ಆಗಲ್ಲ ಅನ್ಬಾರ್ದಿತ್ತಾ?" ಎಂದು ನಾನು ರೇಗಿದೆ.

"ಆಗಲ್ಲ ಅಂದ್ರೆ ಟ್ರೀನಾ ಬರೋದೂ ನಿಲ್ಲುತ್ತೆ ಕಣೇ."

ಮಣ್ಣು ಮಾಡುವ ದಿನ ಅವಳ ಜೊತೆ ನಾನೂ ಹೋದೆ. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸ ಇಟ್ಟ ಬನ್ನು, ಅಕ್ರೋಟು ಸುತ್ತಿದ ಪೊಟೀತ್ಸ ರೊಟ್ಟಿ, ನೀರು ಕಾಫಿ. ಮನೆಯವರ ಮೇಜಿನಲ್ಲಿ ಮಾರ್ಲಿಸಳಿಗೆ ಜಾಗವಿರಲಿಲ್ಲ. ಗೋಡೆಯ ಪಕ್ಕ ಗಣಿಯ ಹಳಬರ ನಡುವೆ ಕೂತೆವು. ಹೊರಗೆ ನಿಂತ ಗಾಡಿಗಳ ಗಾಜಿನಲ್ಲೆಲ್ಲ ರೊಡ್ನಿ ನಗುತ್ತಿದ್ದ, ಕೆಳಗೆ "ಶೆಲ್ಲಿಯ ಪ್ರಾಣ" ಎಂಬ ಅಕ್ಷರ. ರೊಡ್ನಿಯ ಅಕ್ಕ ಟ್ರೀನಾಳ ಕೈ ಹಿಡಿದುಕೊಂಡು, "ಎದ್ದು ಬಂದ ಹಾಗೇ ಇದಾನಲ್ಲೇ! ಆ ಹೆಗಲು ನೋಡು! ಯಾರ ಕೈಲಿ ಮಾಡ್ಸಿದ್ರಿ?" ಎಂದು ಕೇಳಿದಳು.

ಟ್ರೀನಾ ಒಮ್ಮೆ ಗೋಡೆಯ ಕಡೆ ನೋಡಿದಳು, ಒಮ್ಮೆ ಶೆಲ್ಲಿಯ ಕಡೆ.

"ಅಂಗಡೀಲಿ ಮಾಡ್ಸಿದ್ದು ಅತ್ತೆ," ಎಂದಳು.

ಮಾರ್ಲಿಸ್ ಬಾಯಲ್ಲಿದ್ದುದನ್ನು ನುಂಗಿ, ತಟ್ಟೆಯನ್ನು ತೆಗೆದುಕೊಂಡು ಹೋಗಿ ತೊಳೆಯುವ ಕಡೆ ಇಟ್ಟು, ಹೊರಟೇಬಿಟ್ಟಳು. ಕಾರಿನಲ್ಲಿ ನಾನು ಮನೆಗೆ ಬಿಡಲೇ ಎಂದರೆ ಅಂಗಡಿಗೆ ಬಿಡು ಎಂದಳು.

ಹಿಮ ಕರಗುವ ಹೊತ್ತಿಗೆ ಟ್ರೀನಾ ಮತ್ತೆ ಬಂದಳು. ಹೊಸ ದೋಣಿಗೂ ಆ ಚಿತ್ರ ಒಂದು ಬೇಕು, ಸ್ವಲ್ಪ ದೊಡ್ಡದು.

"ಆ ಫೈಲ್ ಇಲ್ಲ. ಮಣ್ಣು ಮಾಡಿದ ದಿನಾನೇ ಅಳಿಸಿಬಿಟ್ಟೆ," ಎಂದಳು ಮಾರ್ಲಿಸ್.

"ಅಳಿಸಿದ್ಯಾ? ಯಾವ್ದೋ ಕಾಲದ ಬೌಲಿಂಗ್ ತಂಡದ್ದೂ ಇಟ್ಕೊಂಡಿದ್ದೀಯ. ನಮ್ಮಪ್ಪನ ಮುಖ ಇಟ್ಕೊಳ್ಳಕ್ಕೆ ಆಗ್ಲಿಲ್ವಾ ನಿನ್ಗೆ?"

"ಇಟ್ಕೊಂಡು? ನಾಳೆ ಬಂದು ಮೂಗು ತೆಗಿ, ಕಿವಿ ತೆಗಿ ಅಂತೀರ."

"ಬೇಕಂತ್ಲೇ ಮಾಡಿದ್ದೀಯ!"

"ಹೌದು, ಬೇಕಂತ್ಲೇ."

"ಸತ್ತ ಮೇಲೂ ಅಪ್ಪನ್ನ ಬಿಡಲ್ವಲ್ಲಮ್ಮ ನೀನು!"

"ಬಿಟ್ಟೋನು ಅವ್ನು ಕಣೇ. ನಾನು ಬಿಟ್ಟಿದ್ದು ಈಗ."

ಟ್ರೀನಾ ಬಾಗಿಲು ಬಡಿದು ಹೋದಳು. ಬರ್ಟ್ ಗಿರಾಕಿಯ ಫೈಲು ಅಳಿಸಿದ್ದಕ್ಕೆ ಕೂಗಾಡಬೇಕೆಂದು ಬಂದವನು ಅವಳ ಮುಖ ನೋಡಿ ಕಾಫಿ ಸುರಿದುಕೊಂಡು ವಾಪಸಾದ. ದೋಣಿಗೆ ಬೇಕಾದ್ದನ್ನು ಟ್ರೀನಾ ಬೇರೆ ಊರಿನಲ್ಲಿ ಮಾಡಿಸಿದಳು. ಗಾಡಿಯ ಗಾಜಿನ ಚಿತ್ರವನ್ನೇ, ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಸಿಡಿದ ಕಲೆಗಳ ಸಮೇತ, ಫೋನಿನಲ್ಲಿ ತೆಗೆದು ಕೊಟ್ಟಳಂತೆ. ನಾನು ಕೆರೆಯಲ್ಲಿ ನೋಡಿದೆ. ಉಪ್ಪಿನ ಕಲೆಗಳೂ ಕೊಯ್ದು ಬಂದು ರೊಡ್ನಿಗೆ ಸಿಡುಬು ಎದ್ದಂತಿತ್ತು. ಮಾರ್ಲಿಸಳಿಗೆ ಹೇಳಿದರೆ ಖುಷಿಪಟ್ಟಾಳು ಎಂದುಕೊಂಡಿದ್ದೆ.

"ಪಾಪ ಅವ್ನು," ಎಂದಳು ಅಷ್ಟೇ. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಆಮೇಲೆ ಟ್ರೀನಾ ಬಂದಿಲ್ಲ. ಈ ಸಲದ ಕ್ರಿಸ್‌ಮಸ್ಸಿಗೆ ಮಾಂಸದ ಪೊಟ್ಟಣವೂ ಬರಲಿಲ್ಲ. ಒಂದು ಸಲ ಅಳಿಯ ಕೈಲ್ ತನ್ನ ಗ್ಯಾರೇಜಿನ ಬೋರ್ಡಿಗೆಂದು ಬಂದ. ಒಳ್ಳೆಯ ಹುಡುಗ; ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

"ಕೋಪ ಇಳಿದ್ಮೇಲೆ ಬರ್ತಾಳೆ ಬಿಡಿ ಅತ್ತೆ."

"ಬರೋದಾದ್ರೆ ಬರ್ಲಿ. ಅಂಗಡಿ ಬೆಳಗ್ಗೆಯಿಂದ ಸಾಯಂಕಾಲದವರೆಗೂ ತೆಗ್ದೇ ಇರುತ್ತೆ. ಭಾನುವಾರ ರಜ," ಎಂದಳು ಮಾರ್ಲಿಸ್, ತಲೆಯೆತ್ತದೆ. ಕೈಲ್ ಹೋದ. ಅವಳು ಕಕ್ಕಸುಗುಂಡಿ ಬಳಿಯುವ ಕಂಪನಿಯೊಂದರ ಮಸುಕು ಚಿತ್ರವನ್ನು ಪರದೆಯ ಮೇಲೆ ತೆರೆದು, ಕನ್ನಡಕ ಸರಿಮಾಡಿಕೊಂಡು, ಹೊರಗೆರೆಯನ್ನು ಎಳೆಯತೊಡಗಿದಳು.