ತಂಗಡಿ ನೀರು ಒಪ್ಪಿದ ಜ್ಯಾಕು

ಹಂಪಮ್ಮ ಬಕೆಟ್ಟು ಕೊಳ್ಳುವುದನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಹಿರೇಹಡಗಲಿಯ ಸಂತೆಗೆ ಬಂದ ಉಳಿದವರೆಲ್ಲ ಬಕೆಟ್ಟನ್ನು ಬಡಿದು ಸದ್ದು ಕೇಳುತ್ತಿದ್ದರು, ಬಿಸಿಲಿಗೆ ಹಿಡಿದು ತೂತು ಹುಡುಕುತ್ತಿದ್ದರು, ಆಮೇಲೆ ರೇಟಿಗೆ ಜಗಳ ತೆಗೆಯುತ್ತಿದ್ದರು. ಹಂಪಮ್ಮ ಸೊಂಟದ ಗಂಟಿನಿಂದ ಒಂದು ಒದ್ದೆ ಬಟ್ಟೆಯ ಚೂರು ತೆಗೆದು, ಬಕೆಟ್ಟಿನ ತಳದ ಅಂಚಿಗೆ ಸುತ್ತಿ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಸಂತೆಯ ಉಳಿದ ವ್ಯಾಪಾರವೆಲ್ಲ ಮುಗಿದ ಮೇಲೆ ಬಟ್ಟೆ ಬಿಚ್ಚಿ ನೋಡುವುದು. ಅಲ್ಲಿ ಸಾಸಿವೆ ಕಾಳಿನಷ್ಟು ನೀಲಿಗಪ್ಪು ಚುಕ್ಕೆ ಕಂಡರೂ ಆ ಬಕೆಟ್ಟು ಅವಳಿಗೆ ಬೇಡ.

"ಬಕೀಟಿಗೆ ಜ್ವರ ಬಂದೈತೇನಬೇ, ತಣ್ಣನ ಬಟ್ಟಿ ಹಾಕೀದಿ?" ಎಂದು ಅಂಗಡಿಯವನು ನಗುತ್ತಿದ್ದ. ಸುತ್ತ ನಿಂತವರೂ ನಗುತ್ತಿದ್ದರು. ಅದೆಲ್ಲ ಹಂಪಮ್ಮನ ಕಿವಿಗೇ ಬೀಳುತ್ತಿರಲಿಲ್ಲ.

ಅವಳದು ತೊಗಲು ಹದ ಮಾಡುವ ಮನೆತನ. ತಂಗಡಿ ಗಿಡದ ತೊಗಟೆ ಕುಟ್ಟಿ ನೀರಿನಲ್ಲಿ ನೆನೆಸಿ, ಆ ಕೆಂಚು ನೀರಿನಲ್ಲಿ ತೊಗಲನ್ನು ದಿನಗಟ್ಟಲೆ ಇಡುವುದು ಅವರ ಕಸುಬು. ಆ ನೀರಿಗೆ ಬರಿಯ ಕಬ್ಬಿಣ ಸೋಕಬಾರದು. ಸೋಕಿದರೆ ತೊಗಲಿನ ಮೇಲೆ ಮಸಿಯಂಥ ಕಲೆ ಕೂತುಬಿಡುತ್ತದೆ, ಅಷ್ಟು ದಿನದ ದುಡಿತ ಹಾಳು. ಅದಕ್ಕೇ ಸತುವಿನ ಲೇಪ ಎಳ್ಳಷ್ಟೂ ಬಿಡದಂತೆ ಕೂತ ಬಕೆಟ್ಟೇ ಅವರಿಗೆ ಬೇಕು. ಸಂತೆಗೆ ಅವಳು ತರುತ್ತಿದ್ದ ಬಟ್ಟೆ ಒದ್ದೆಯಾಗಿರುತ್ತಿದ್ದುದೂ ಆ ನೀರಿನಿಂದಲೇ. ಕಣ್ಣಿಗೆ ಕಾಣದ ಬರಿ ಜಾಗ ತಂಗಡಿ ನೀರಿಗೆ ಕಾಣುತ್ತದೆ. ಇದನ್ನು ಹಂಪಮ್ಮ ಯಾವ ಶಾಲೆಯಲ್ಲಿಯೂ ಕಲಿತವಳಲ್ಲ, ಅವಳ ಅತ್ತೆ ಹುಲುಗಮ್ಮ ಹೇಳಿಕೊಟ್ಟಿದ್ದು.

ಮಗ ಸುಂಕಪ್ಪನಿಗೆ ಮಾತ್ರ ಈ ಬಟ್ಟೆ ಸುತ್ತುವ ಆಟ ಕಂಡರೆ ಮೈ ಹಿಡಿಯಾಗುತ್ತಿತ್ತು. ಏಳನೇ ಇಯತ್ತೆ ಪಾಸಾಗಿ, ಮೈಲಾರದ ಕೆಳಗೆ ಹೊಳೆದಂಡೆಯ ಮೇಲಿದ್ದ ಸರ್ಕಾರಿ ದೋಣಿ ಕ್ಯಾಂಪಿನಲ್ಲಿ ಖಲಾಸಿಯಾಗಿ ಸೇರಿದ ವರ್ಷವೇ ಅವನು ಮಾಡಿದ ಮೊದಲ ಕೆಲಸವೆಂದರೆ ಮನೆ ಹಿಂದಿನ ತೊಗಲು ನೆನೆಹಾಕುವ ನೆಲದ ಬಾನಿಗೆ ಮಣ್ಣು ತುಂಬಿಸಿದ್ದು. ಎಪ್ಪತ್ತಾರನೇ ಇಸವಿ ಇರಬೇಕು. "ನಾನು ಖಾಕಿ ಅಂಗಿ ಹಾಕ್ಕೋಳವ. ಈ ವಾಸನಿ ಇನ್ನ ಸಾಕು ಯವ್ವಾ" ಎಂದ. ಮದುವೆಯಾಗಿ ಬಂದಾಗಿನಿಂದ ಕೈಯಾಡಿಸಿದ ಬಾನಿ ಅದು. ಹಂಪಮ್ಮ ಚಪ್ಪಲಿ ರಿಪೇರಿಗೆ ಬೇಕಾಗುತ್ತದೆಂದು ಒಂದು ಗಡಿಗೆ ತಂಗಡಿ ಚಕ್ಕೆಯನ್ನಷ್ಟೇ ಮೂಲೆಯಲ್ಲಿ ಇಟ್ಟುಕೊಂಡಳು. ಒಂದೆರಡು ಸಲ ಬುತ್ತಿ ಹೊತ್ತು ಕ್ಯಾಂಪಿಗೂ ಹೋದಳು. ಸುಂಕಪ್ಪ ಗೇಟಿಗೇ ಓಡಿಬಂದು ಬುತ್ತಿ ಇಸಿದುಕೊಂಡು, ಅಲ್ಲಿಂದಲೇ ಅವಳನ್ನು ತಿರುಗಿಸಿ ಕಳಿಸಿದ. ಒಳಗೆ ಬಾ ಅನ್ನಲಿಲ್ಲ. ಅವಳೂ ಇಣುಕಲಿಲ್ಲ.

ಕ್ಯಾಂಪಿನಲ್ಲಿ ಇದ್ದದ್ದು ಒಂದೇ ಮೋಟಾರು ದೋಣಿ. ಹೊಳೆ ಕೆಂಪಗೆ ಏರಿ ಬಂದಾಗ ಹರಿಗೋಲು ತಡೆಯುವುದಿಲ್ಲವೆಂದು ಸರ್ಕಾರ ಅದನ್ನು ಕೊಟ್ಟಿತ್ತು. ದೋಣಿ ಕೂರಲು ಎರಡು ಗಾಲಿಯ ಟ್ರೈಲರು, ಟ್ರೈಲರನ್ನು ಎಳೆಯಲು ಜೀಪು. ಟ್ರೈಲರಿನ ಮೂತಿಗೆ ಒಂದು ಜ್ಯಾಕು. ಹ್ಯಾಂಡಲ್ ತಿರುಗಿಸಿದರೆ ಜ್ಯಾಕಿನ ಕಾಲು ಕೆಳಗಿಳಿದು ಮೂತಿಯನ್ನು ಎತ್ತಿ ಹಿಡಿಯುತ್ತದೆ. ಮೂತಿ ಜೀಪಿನ ಕೊಂಡಿಗೆ ಕೂತ ಮೇಲೆ ಹಿಂದಕ್ಕೆ ತಿರುಗಿಸಿದರೆ ಕಾಲು ಮೇಲೇರುತ್ತದೆ, ಆಮೇಲೆ ಜೀಪು ಹೊರಡುತ್ತದೆ. ಇಷ್ಟೇ ಅದರ ಕೆಲಸ. ದೋಣಿಗೆ ವರ್ಷಕ್ಕೊಮ್ಮೆ ಬಣ್ಣ, ಜೀಪಿಗೆ ತಿಂಗಳಿಗೊಮ್ಮೆ ಎಣ್ಣೆ, ಜ್ಯಾಕನ್ನು ಮಾತ್ರ ಕೇಳುವವರಿರಲಿಲ್ಲ. ಟ್ರೈಲರು ನೀರಿಗಿಳಿದಾಗಲೆಲ್ಲ ಅದೂ ಮುಳುಗುತ್ತಿತ್ತು, ರಾಡಿ ಕುಡಿದು ಮೇಲೆ ಬರುತ್ತಿತ್ತು, ಹಾಗೇ ಒಣಗುತ್ತಿತ್ತು.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ಅದು ಸೇಡು ತೀರಿಸಿಕೊಂಡಿತು. ಕುರುಬರ ದೊಡ್ಡಬೀರಪ್ಪನ ತಮ್ಮ ಬಂಗಾರಪ್ಪ ಕುರಿ ಹಿಂಡಿನೊಂದಿಗೆ ನಡುಗಡ್ಡೆಯ ಮೇಲೆ ಸಿಕ್ಕಿಕೊಂಡ. ಸುದ್ದಿ ಬಂದ ಕೂಡಲೇ ಟ್ರೈಲರನ್ನು ಜೀಪಿಗೆ ಸಿಕ್ಕಿಸಿದರು. ಜ್ಯಾಕಿನ ಕಾಲು ಮೇಲೆ ಬರಲೊಲ್ಲದು. ಒಳಗೆ ತುಕ್ಕು ಹಿಡಿದು ಸ್ಕ್ರೂ ಕಚ್ಚಿಕೊಂಡಿತ್ತು. ಹಾಗೇ ಎಳೆದರೆ ಕಾಲು ಎರೆಮಣ್ಣಿನಲ್ಲಿ ನೇಗಿಲಿನಂತೆ ಇಳಿಯಿತು. ಸೀಮೆಎಣ್ಣೆ ಸುರಿದರು, ಸುತ್ತಿಗೆಯಲ್ಲಿ ಬಡಿದರು, ಹ್ಯಾಂಡಲ್ಲಿಗೆ ನಾಲ್ವರು ಜೋತುಬಿದ್ದರು. ಕೊನೆಗೆ ಗರಗಸದಲ್ಲಿ ಕಾಲನ್ನೇ ಕೊಯ್ದು ದೋಣಿ ನೀರಿಗಿಳಿಸುವಷ್ಟರಲ್ಲಿ ಎರಡು ತಾಸು ಆಗಿತ್ತು. ಅಷ್ಟರಲ್ಲಿ ನಡುಗಡ್ಡೆಯೇ ಇರಲಿಲ್ಲ. ಬಂಗಾರಪ್ಪ ಮೂರನೇ ದಿನ ಸಿಕ್ಕ.

ದೊಡ್ಡಬೀರಪ್ಪ ಯಾರನ್ನೂ ಬೈಯಲಿಲ್ಲ. ಅದೇ ಸುಂಕಪ್ಪನಿಗೆ ತಡೆಯಲಾಗದ ಸಂಗತಿ. ಕಾಲು ಕೊಯ್ದ ಜ್ಯಾಕು ಇನ್ನೂ ಟ್ರೈಲರಿಗೇ ಇತ್ತು. ಮೂತಿಯ ಕೆಳಗೆ ಕಲ್ಲು ಪೇರಿಸಿದ್ದರು. ಆ ಮುದುಕ ಸಂತೆಯ ದಿನ ಕಂಬಳಿ ಹೊದ್ದು ಷೆಡ್ಡಿಗೆ ಬರುವನು, ಹ್ಯಾಂಡಲ್ ಹಿಡಿದು ಒಮ್ಮೆ ಒತ್ತಿ ನೋಡುವನು, ತಿರುಗುವುದಿಲ್ಲವೆಂದು ಕಂಡು ಸುಮ್ಮನೆ ಹೋಗುವನು. ಹೊಸ ಜ್ಯಾಕು ಬರಬೇಕು, ಅದು ತುಕ್ಕು ಹಿಡಿಯಬಾರದು, ಮತ್ತೆ ಹೊಳೆ ಏರಿದಾಗ ತಿರುಗಬೇಕು. ಸುಂಕಪ್ಪನಿಗೆ ಇದೊಂದೇ ಹರಕೆ, ಯಾವ ದೇವರಿಗೂ ಬೇರೇನೂ ಬೇಡುವುದನ್ನೇ ಬಿಟ್ಟಿದ್ದ.

ಮರುವರ್ಷ ಬೇಸಿಗೆಯಲ್ಲಿ ಓವರ್‌ಸೀಯರ್ ಕೊಟ್ರಬಸಪ್ಪನವರು ಮೂರು ಜ್ಯಾಕು ತರಿಸಿದರು. ಒಂದು ಕೆಂಪು ಬಣ್ಣದ್ದು, ಎತ್ತಲು ಆಗದಷ್ಟು ಭಾರ. ಇನ್ನೊಂದು ಕನ್ನಡಿಯಂತೆ ಫಳಫಳ ಹೊಳೆಯುವುದು. ಮೂರನೆಯದು ಬೂದಿ ಬಳಿದಂಥ ಮಂಕು ಬಣ್ಣದ್ದು. ಕ್ಯಾಂಪಿನವರೆಲ್ಲ ಹೊಳೆಯುವುದರ ಸುತ್ತ ನಿಂತು ಅದರಲ್ಲಿ ತಮ್ಮ ಮುಖ ನೋಡಿಕೊಂಡರು.

"ನೀರಾಗ ನಿಂತು ತಿರುವೋನು ನೀನಲ್ಲೇನಪ? ನೀನ ಆರಿಸು. ಎರಡು ದಿನದಾಗ ಹೇಳು, ಉಳಿದ ಎರಡು ವಾಪಸ್ ಕಳಸಬೇಕು" ಎಂದರು ಕೊಟ್ರಬಸಪ್ಪನವರು ಸುಂಕಪ್ಪನಿಗೆ. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯ ಮನುಷ್ಯರು ಕೆಲವೊಮ್ಮೆ ಎಂಥ ಭಾರ ಹೊರಿಸಿಬಿಡುತ್ತಾರೆ! ಸುಂಕಪ್ಪ ಮೂರನ್ನೂ ತಿರುಗಿಸಿ ನೋಡಿದ. ಹೊಸದರಲ್ಲಿ ಮೂರೂ ಸಲೀಸಾಗಿ ತಿರುಗಿದವು. ಹೋದ ವರ್ಷದ್ದೂ ಹೊಸದಿದ್ದಾಗ ಹೀಗೇ ತಿರುಗಿತ್ತು.

ಚಿಂತೆ ತಲೆಗೇರಿ, ಅಪ್ಪಣೆ ಕೇಳಿ ಮೂರನ್ನೂ ಎತ್ತಿನ ಗಾಡಿಗೆ ಹಾಕಿಸಿಕೊಂಡು ಮನೆಗೆ ತಂದ. ಅಂಗಳದಲ್ಲಿ ಸಾಲಾಗಿ ಇಟ್ಟುಕೊಂಡು ಕೆನ್ನೆಗೆ ಕೈಕೊಟ್ಟು ಕೂತ. ಹಂಪಮ್ಮ ಕಸಬರಿಗೆ ಹಿಡಿದು ಹೊರಗೆ ಬಂದಳು.

"ಏನಲೇ ಇವು?"

"ಜ್ಯಾಕು ಯವ್ವಾ. ಯಾವುದಕ್ಕ ತುಕ್ಕು ಹತ್ತಂಗಿಲ್ಲ ಅಂತ ಹೇಳಬೇಕಾಗೈತಿ. ನಿನಿಗೆ ತಿಳಿಯಂಗಿಲ್ಲ, ಬಿಡು."

ಹಂಪಮ್ಮ ಮಗನನ್ನೊಮ್ಮೆ, ಜ್ಯಾಕುಗಳನ್ನೊಮ್ಮೆ ನೋಡಿದಳು. "ಅಂದ್ರ ಬಕೀಟು ಆರಿಸಿದಂಗ" ಎಂದಳು.

ಸುಂಕಪ್ಪನಿಗೆ ರೇಗಿತು. ಆದರೆ ಬಂಗಾರಪ್ಪನ ಹೆಣ ಕಣ್ಣಮುಂದೆ ಬಂತು, ಅವನು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

ಅವಳು ಮೂಲೆಯ ಗಡಿಗೆಯಿಂದ ಚಕ್ಕೆ ತೆಗೆದು ಕುಟ್ಟಿದಳು, ನೀರಿಗೆ ಹಾಕಿ ಕದಡಿದಳು. ಒಂದು ಮೊಳೆ ತಂದು ಮೂರರ ಮೈಮೇಲೂ ಒಂದೊಂದು ಗೀರು ಎಳೆದಳು. "ಅಯ್ಯಯ್ಯೋ, ಸರ್ಕಾರದ್ದು!" ಎಂದು ಸುಂಕಪ್ಪ ಎದ್ದುನಿಂತ. "ಹೊಳ್ಯಾಗ ಕಲ್ಲು ಬಡಿಯಂಗಿಲ್ಲೇನು? ಗೀರು ಬಿದ್ದಮ್ಯಾಲೆ ಏನಾಗತೈತಿ ಅಂಬೋದು ನೋಡಬೇಕು" ಎಂದು ಅವಳು ತಲೆಯೆತ್ತದೇ ಹೇಳಿದಳು. ಆಮೇಲೆ ಗೀರಿನ ಮೇಲೆ, ಬೆಸುಗೆಯ ಮೇಲೆ, ಹ್ಯಾಂಡಲಿನ ಬುಡದಲ್ಲಿ ಒದ್ದೆ ಬಟ್ಟೆ ಸುತ್ತಿದಳು. ಗಾಯವಾದವರಿಗೆ ಪಟ್ಟಿ ಕಟ್ಟುವಷ್ಟು ಜೋಪಾನವಾಗಿ ಸುತ್ತಿದಳು. ಸಂತೆಯಲ್ಲಿ ಮುಖ ತಿರುಗಿಸಿ ನಿಲ್ಲುತ್ತಿದ್ದ ಸುಂಕಪ್ಪ ಆ ಬೆರಳುಗಳನ್ನು ಅವತ್ತು ಮೊದಲ ಸಲ ಸರಿಯಾಗಿ ನೋಡಿದ. ತಂಗಡಿ ನೀರಿನಲ್ಲಿ ನೆನೆದು ನೆನೆದು ಉಗುರುಗಳು ಕಂದಿದ್ದವು, ನಾಲ್ಕು ವರ್ಷವಾದರೂ ಬಣ್ಣ ಬಿಟ್ಟಿರಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಬಟ್ಟೆ ಬಿಚ್ಚಿದಳು. ಕೆಂಪು ಜ್ಯಾಕಿನ ಗೀರು ಕಾಡಿಗೆ ತೀಡಿದಂತೆ ಕಪ್ಪಾಗಿತ್ತು. ಕನ್ನಡಿಯಂಥದ್ದರ ಬೆಸುಗೆಯುದ್ದಕ್ಕೂ, ಕಣ್ಣಿಗೆ ಬಿರುಕೇ ಕಾಣದ ಕಡೆ, ನೀಲಿಗಪ್ಪು ಚುಕ್ಕೆಗಳು ಇರುವೆ ಸಾಲಿನಂತೆ ಎದ್ದಿದ್ದವು. ಬೂದಿ ಬಣ್ಣದ್ದರ ಮೇಲೆ ಬಟ್ಟೆಯ ಒದ್ದೆ ಬಿಟ್ಟರೆ ಏನೂ ಇಲ್ಲ. ಮೊಳೆಯ ಗೀರು ಕೂಡ ಹಾಗೇ ಬೆಳ್ಳಗಿತ್ತು.

ಸುಂಕಪ್ಪ ಬೆರಗಾಗಿ ಬಾಯಿ ಬಿಟ್ಟು ನಿಂತ. ನಿನ್ನೆ ಕ್ಯಾಂಪಿನ ಹತ್ತು ಜನ ಹತ್ತು ಸಲ ತಿರುಗಿಸಿ ನೋಡಿ ಕಾಣದ್ದನ್ನು ಒಂದು ಹರಕು ಬಟ್ಟೆ ತೋರಿಸಿತ್ತು. ನಾಳೆ ಎಲ್ಲೆಲ್ಲಿ ತುಕ್ಕು ಹಿಡಿಯುತ್ತದೆ ಎಂಬುದನ್ನು ಇವತ್ತೇ ಕಪ್ಪಕ್ಷರದಲ್ಲಿ ಬರೆದಿಟ್ಟ ಹಾಗಿತ್ತು. ಬರೆದವಳು ತನ್ನ ಹೆಸರು ಬರೆಯಲೂ ಬಾರದವಳು.

"ಇಷ್ಟಕ್ಕ ಮುಗೀಲಿಲ್ಲ. ಹೊಟ್ಟಿ ಬಿಚ್ಚು, ಒಳಗ ನೋಡಬೇಕು" ಎಂದಳು ಹಂಪಮ್ಮ.

ಸುಂಕಪ್ಪ ಬೂದಿ ಬಣ್ಣದ್ದರ ಬೋಲ್ಟು ಬಿಚ್ಚಿದ. ಒಳಗೆ ಸ್ಕ್ರೂ ತಿರುಗುವ ನಟ್ಟು ಹಿತ್ತಾಳೆಯದು. ಹಿತ್ತಾಳೆಗೂ ಕಬ್ಬಿಣಕ್ಕೂ ತುಕ್ಕಿನ ಬೆಸುಗೆ ಬೀಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕಾಲಿನ ತಳದಲ್ಲಿ ನೀರು ಇಳಿದುಹೋಗಲು ಒಂದು ತೂತೂ ಇತ್ತು. ಹಂಪಮ್ಮ ಆ ತೂತಿನಲ್ಲಿ ಕಿರುಬೆರಳಿಟ್ಟು ನೋಡಿ, "ಕುಡಿದ ನೀರು ಹೊರಗ ಹೋಗತೈತಿ. ಇದು ಬಾಳಿಕಿ ಬರತೈತಿ" ಎಂದಳು. "ನೀರಿಂದ ಬಂದ ಕೂಡ್ಲೇ ಚೊಲೋ ನೀರಿಲೆ ತೊಳಿ, ಒರಸು, ಎಣ್ಣಿ ಬಿಡು. ತಿಂಗಳಿಗೊಮ್ಮಿ ನನ್ನ ಕರಿ, ಬಟ್ಟಿ ಸುತ್ತಿ ನೋಡತೀನಿ."

ಸುಂಕಪ್ಪ ಅವಳನ್ನು ಕರೆಯಲಿಲ್ಲ. ಹೇಗೆ ಆರಿಸಿದೆ ಎಂದು ಕೊಟ್ರಬಸಪ್ಪನವರು ಕೇಳಿದಾಗ "ಅಂದಾಜಿನ ಮ್ಯಾಲೆ ಸಾರ್" ಎಂದುಬಿಟ್ಟ. ನಾಲಿಗೆಯ ತುದಿಗೆ ಬಂದ ತಾಯಿಯ ಹೆಸರು ಖಾಕಿ ಅಂಗಿಯ ಗುಂಡಿಯ ಹತ್ತಿರ ನಿಂತುಹೋಯಿತು. ಗೀರು ಬಿದ್ದ ಎರಡೂ ಜ್ಯಾಕು ವಾಪಸು ಹೋಗುವಾಗ ಒಂದಿಷ್ಟು ಬೈಸಿಕೊಂಡ. ಕ್ಯಾಂಪಿನವರು ಉಳಿದದ್ದರ ಮಂಕು ಸತುವಿನ ಬಣ್ಣ ನೋಡಿ ಅದಕ್ಕೆ ಬಕೆಟ್ ಜ್ಯಾಕು ಎಂದೇ ಹೆಸರಿಟ್ಟರು. ಅವನು ಬಟ್ಟೆಯ ಚೂರನ್ನು ಕದ್ದು ಜೇಬಿನಲ್ಲಿ ತಂದು, ಯಾರೂ ಇಲ್ಲದಾಗ ತಾನೇ ಸುತ್ತಿ ನೋಡುತ್ತಿದ್ದ.

ಎಂಬತ್ತರ ಶ್ರಾವಣದಲ್ಲಿ ಹೊಳೆ ಮತ್ತೆ ಏರಿತು. ದಂಡೆಯ ಹೊಲದಲ್ಲಿ ಕಳೆ ತೆಗೆಯಲು ಹೋದ ಒಂಬತ್ತು ಮಂದಿಯ ಸುತ್ತ ನೀರು ಬಂತು. ಅದರಲ್ಲಿ ದೊಡ್ಡಬೀರಪ್ಪನ ಹೆಂಡತಿ ಭರಮಮ್ಮನೂ ಇದ್ದಳು. ಸುಂಕಪ್ಪ ಷೆಡ್ಡಿನ ಬಾಗಿಲು ತೆರೆಯುವಷ್ಟರಲ್ಲಿ ದೊಡ್ಡಬೀರಪ್ಪ ಬಂದು ನಿಂತಿದ್ದ. ಟ್ರೈಲರು ಕೊಂಡಿಗೆ ಕೂತಿತು. ಮುದುಕ ಯಾರಿಗೂ ಕೊಡದೆ ತಾನೇ ಹ್ಯಾಂಡಲ್ ಹಿಡಿದ. ಕ್ಯಾಂಪಿಗೆ ಕ್ಯಾಂಪೇ ಸುತ್ತ ನೆರೆದಿತ್ತು.

ಹ್ಯಾಂಡಲ್ ತಿರುಗಿತು. ಒಂದು ಸುತ್ತು, ಎರಡು ಸುತ್ತು, ಮುದುಕ ಬಾಯಿಬಿಟ್ಟು ಎಣಿಸುತ್ತಿದ್ದ. ಹದಿನೆಂಟಕ್ಕೆ ಕಾಲು ಪೂರ್ತಿ ಮೇಲೇರಿತು. ಎಲೆ ಅಡಿಕೆ ಹಾಕಿಕೊಂಡು ಉಗುಳುವಷ್ಟು ಹೊತ್ತಿನಲ್ಲಿ ದೋಣಿ ನೀರಿನಲ್ಲಿತ್ತು. ಎರಡು ಖೇಪಿನಲ್ಲಿ ಒಂಬತ್ತು ಜನರೂ ದಂಡೆಗೆ ಬಂದರು. ಭರಮಮ್ಮ ಇಳಿದವಳೇ ಒದ್ದೆ ಸೀರೆಯಲ್ಲಿ ನೆಲಕ್ಕೆ ಕೂತು ಅತ್ತಳು. ಕೊಟ್ರಬಸಪ್ಪನವರು ಎಲ್ಲರೆದುರು ಸುಂಕಪ್ಪನ ಬೆನ್ನು ತಟ್ಟಿ, "ಇವನ ಅಂದಾಜು ಅಂದ್ರ ಅಂದಾಜು ನೋಡ್ರಿ" ಎಂದರು.

ಸುಂಕಪ್ಪ ದೊಡ್ಡಬೀರಪ್ಪನ ಮುಖ ನೋಡಿದ. ಆ ಮುಖದೆದುರು ಸುಳ್ಳು ನಿಲ್ಲಲಿಲ್ಲ.

"ನಂದು ಅಲ್ರಿ ಸಾರ್. ನಮ್ಮವ್ವ ಆರಿಸಿದ್ದು. ತೊಗಲಿನ ತಂಗಡಿ ನೀರು ಹಚ್ಚಿ ನೋಡಿ ಆರಿಸ್ಯಾಳ" ಎಂದ.

ಯಾರೂ ನಗಲಿಲ್ಲ. ಕೊಟ್ರಬಸಪ್ಪನವರ ಕೈ ಅವನ ಬೆನ್ನ ಮೇಲೆ ಹಾಗೇ ನಿಂತಿತು.

ಆ ಸಂಜೆ ದೊಡ್ಡಬೀರಪ್ಪ ಸುಂಕಪ್ಪನ ಜೊತೆ ಕೇರಿಗೆ ಬಂದ. ಅವನ ವಂಶದವರು ಯಾರೂ ಆ ಓಣಿಯಲ್ಲಿ ಕೂತವರಲ್ಲ. ಹಂಪಮ್ಮನ ಹೊಸ್ತಿಲ ಹತ್ತಿರ ಕಂಬಳಿ ಹಾಸಿ ಕೂತು, ಕುಡಿಯಲು ನೀರು ಕೇಳಿದ. ಅವಳು ಒಂದು ಗಳಿಗೆ ಹಿಂದೆಮುಂದೆ ನೋಡಿ, ಆಮೇಲೆ ತನ್ನ ಹಳೆಯ ಸತುವಿನ ಬಕೆಟ್ಟಿನಿಂದಲೇ ಚೊಂಬು ತುಂಬಿ ಕೊಟ್ಟಳು. ಅವನು ಕಚ್ಚಿ ಕುಡಿದು, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೇಳಿದ:

"ಹೋದ ವರ್ಷದ ಜ್ಯಾಕು ನೋಡಿದ್ರ ಅದು ಕೆಟ್ಟೈತಿ ಅಂತ ನಿನಿಗೆ ತಿಳೀತಿತ್ತೇನಬೇ?"

"ತಿಳೀತಿತ್ತಪ್ಪ" ಎಂದಳು ಹಂಪಮ್ಮ. "ನನ್ನ ಯಾರೂ ಕೇಳಲಿಲ್ಲ."

ಮುದುಕ ತಲೆಯಾಡಿಸಿದ. ಸುಂಕಪ್ಪನಿಗೆ ಕ್ಯಾಂಪಿನ ಗೇಟು ಕಣ್ಣಮುಂದೆ ಬಂತು. ಬುತ್ತಿ ಹೊತ್ತು ನಿಂತ ತಾಯಿಗೂ ಷೆಡ್ಡಿನ ಜ್ಯಾಕಿಗೂ ನಡುವೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಅವಳು ಅದನ್ನು ಎತ್ತಿ ಆಡಲಿಲ್ಲ, ಆಮೇಲೆ ಬದುಕಿರುವ ತನಕ ಆಡಲಿಲ್ಲ.

ಮರುದಿನ ಬೆಳಿಗ್ಗೆ ಹಂಪಮ್ಮ ಎದ್ದು ಬರುವಷ್ಟರಲ್ಲಿ ಹಿತ್ತಲಲ್ಲಿ ಗುದ್ದಲಿಯ ಸದ್ದು ಕೇಳಿತು. ಸುಂಕಪ್ಪ ತಾನು ಮುಚ್ಚಿಸಿದ ಬಾನಿಯ ಮಣ್ಣು ತೆಗೆಯುತ್ತಿದ್ದ. ಮೊಣಕಾಲುದ್ದ ಆಗಲೇ ಇಳಿದಿದ್ದ.

"ಖಾಕಿ ಅಂಗಿ ಬಿಚ್ಚಿಟ್ಟು ಅಗಿಯಲೇ" ಎಂದಳು ಅವಳು, "ಬಾನಿ ಮಣ್ಣಿನ ಕಲಿ ಹತ್ತತೈತಿ."

"ಹತ್ತಲಿ ಬಿಡು ಯವ್ವಾ" ಎಂದು ಅವನು ಅಗೆಯುತ್ತಲೇ ಇದ್ದ.