ಹೊಗೆ ಬಾರದ ಹಿತ್ತಾಳೆ ಹೆಲ್ಮೆಟ್

ಆ ಹೆಲ್ಮೆಟ್ಟಿನ ಕೆಳಗೆ ನಾನು ಊದುಬತ್ತಿ ಹಿಡಿಯಲಿಲ್ಲ. ಹಿಡಿದಿದ್ದರೆ ನನ್ನ ತಮ್ಮ ಮಾದೇವ ಕುದುರೆಯಿಂದ ಬೀಳುತ್ತಿರಲಿಲ್ಲ.

ನಾನು ಹನಗೋಡಿನವಳು, ಓದಿದ್ದು ನಾಲ್ಕನೇ ಕ್ಲಾಸು. ಹೋದ ವರ್ಷ ಇದು ನಡೆದಾಗ ಹುಣಸೂರಿನ ಒಂದು ವರ್ಕ್‌ಶಾಪಿನಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಮೆರವಣಿಗೆಯ ಸವಾರರು ತೊಡುವ ಹಿತ್ತಾಳೆ ಹೆಲ್ಮೆಟ್‌ಗಳಿಗೆ ಒಳಗಿನ ಚರ್ಮ ಹೊಲಿಯುವುದು, ನೆತ್ತಿಗೆ ಕುದುರೆಕೂದಲಿನ ಜುಟ್ಟು ಕೂರಿಸುವುದು ನನ್ನ ಕೆಲಸ. ಮಾದೇವ ಉತ್ಸವಗಳಿಗೆ ಕುದುರೆ ಕಳಿಸುವ ತಂಡವೊಂದರಲ್ಲಿ ಸವಾರ. ಸಾಲಿನ ಮುಂದಿನ ಕುದುರೆ ಅವನದು. ಅದೇ ಅವನ ಪ್ರಾಣ.

ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು: ಇಂಥ ಹೆಲ್ಮೆಟ್ ಹುಟ್ಟಿದ್ದು ಕತ್ತಿಯ ಏಟು ತಡೆಯುವುದಕ್ಕೆ. ಹಿಂದಕ್ಕೆ ಇಳಿಬಿದ್ದ ಜುಟ್ಟು ಕುತ್ತಿಗೆಗೆ ಬೀಳುವ ಏಟನ್ನು ಮೆತ್ತಗಾಗಿಸುತ್ತಿತ್ತಂತೆ. ಈಗ ಉಳಿದಿರುವ ಶತ್ರು ಬಿಸಿಲೊಂದೇ. ಅದಕ್ಕೇ ಜುಟ್ಟಿನ ಬುಡದಲ್ಲಿ ಗಾಳಿಯಾಡಲು ತೂತುಗಳಿರುತ್ತವೆ. ಒಳಗಿನ ಚರ್ಮವನ್ನು ಎಸಳುಗಳಾಗಿ ಕತ್ತರಿಸಿ ದಾರದಿಂದ ಬಿಗಿದರೆ ಲೋಹ ತಲೆಗೆ ತಾಗುವುದಿಲ್ಲ. ಕೆಲಸ ಮುಗಿದ ಮೇಲೆ ಕೆಳಗೆ ಊದುಬತ್ತಿ ಹಿಡಿಯಬೇಕು. ಹೊಗೆ ಜುಟ್ಟಿನ ಬುಡದಿಂದ ಹೊರಟರೆ ಮಾತ್ರ ಹೆಲ್ಮೆಟ್ ನಮ್ಮ ಬಾಗಿಲು ದಾಟಬೇಕು.

ಕೆ.ಆರ್. ನಗರದಲ್ಲಿ ಮೆರವಣಿಗೆ ಇದ್ದ ಬೆಳಿಗ್ಗೆ ಮಾದೇವ ತನ್ನ ಹೆಲ್ಮೆಟ್ ಹಿಡಿದು ವರ್ಕ್‌ಶಾಪಿಗೆ ಓಡಿಬಂದ.

"ಜುಟ್ಟು ಅಲ್ಲಾಡ್ತದೆ ಕಣಕ್ಕ. ಕುದ್ರೆಗಿಂತ ಇದೇ ಜಾಸ್ತಿ ಕುಣೀತದೆ. ಮೊನ್ನೆ ಎಲ್ರೂ ನಗಾಡುದ್ರು."

"ನಿನ್ ಮೊಕ ನೋಡಿ ನಗಾಡಿರ್ತಾರೆ, ಬುಡ್ಲಾ," ಎಂದೆ.

ಜುಟ್ಟು ಹಿಡಿಯುವ ತಿರುಪು ಸವೆದಿತ್ತು. ಹೊಸದು ಹಾಕಲು ಸಮಯವಿರಲಿಲ್ಲ. ಗಟ್ಟಿಯಾಗುವ ಅಂಟನ್ನು ಬುಡದ ಸುತ್ತ ಮೆತ್ತಿದೆ. ತೂತುಗಳು ಮುಚ್ಚಿದ್ದು ಕಣ್ಣಿಗೆ ಬಿತ್ತು. ಒಂದು ಮಧ್ಯಾಹ್ನದ ಮಟ್ಟಿಗೆ ತಾನೇ ಅಂದುಕೊಂಡೆ. ಊದುಬತ್ತಿ ಹಚ್ಚಲಿಲ್ಲ, ಹಚ್ಚಿದರೆ ಏನು ಕಾಣುತ್ತದೆಂದು ಗೊತ್ತಿತ್ತು.

ಸುಡುಬಿಸಿಲಿನಲ್ಲಿ, ಜನರ ನಡುವೆ, ಅವನು ಪ್ರಜ್ಞೆ ತಪ್ಪಿ ಕುದುರೆಯಿಂದ ಜಾರಿಬಿದ್ದ. ಭುಜದ ಮೂಳೆ ಮುರಿಯಿತು. ಕುಡಿದಿದ್ದ ಎಂದರು ಜನ. ಅವನು ಹೆಂಡ ಮುಟ್ಟಿದವನೇ ಅಲ್ಲ. ನಜ್ಜಾದ ಹೆಲ್ಮೆಟ್ ತಂದುಕೊಟ್ಟ ತಂಡದ ಯಜಮಾನರು ನನ್ನನ್ನು ಒಂದೇ ಮಾತು ಕೇಳಿದರು: "ಹೆಲ್ಮೆಟ್ ಸರ್ಯಾಗಿತ್ತೇನವ್ವಾ?"

"ಸರ್ಯಾಗಿತ್ತು," ಎಂದೆ.

ಭುಜ ಕೂಡಿದ ಮೇಲೂ ಮಾದೇವನಿಗೆ ಕುದುರೆ ಕೊಡಲಿಲ್ಲ. ಲಾಯದಲ್ಲಿ ಹುಲ್ಲು ಹಾಕಲು ಇಟ್ಟುಕೊಂಡರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಲಿದದ್ದನ್ನೇ ಬಿಚ್ಚಿ ಹೊಲಿದೆ. ಕಪಾಟಿನ ಮೇಲಿದ್ದ ಆ ಹೆಲ್ಮೆಟ್ಟಿಗೆ ಬಟ್ಟೆ ಮುಚ್ಚಿದೆ, ತೆಗೆದೆ, ಮತ್ತೆ ಮುಚ್ಚಿದೆ. ಅವನು ಬಂದಾಗಲೆಲ್ಲ ಎದ್ದು ಏನನ್ನೋ ಹುಡುಕುವವಳಂತೆ ಒಳಗೆ ಹೋಗುತ್ತಿದ್ದೆ. ಬರಿಗಣ್ಣಿಗೆ ಒಪ್ಪವಾಗಿ ಕಂಡದ್ದೆಲ್ಲ ಒಪ್ಪವಲ್ಲ ಎಂದು ಈ ಕೆಲಸ ಕಲಿಸಿತ್ತು. ಬಾಯಿ ಬಿಡುವುದನ್ನು ಮಾತ್ರ ಕಲಿಸಿರಲಿಲ್ಲ.

ಹೋದ ವಾರ ಹೆಲ್ಮೆಟ್ ಎತ್ತಿಕೊಂಡು ಲಾಯಕ್ಕೆ ಹೋದೆ. ಯಜಮಾನರಿದ್ದರು, ಸವಾರರಿದ್ದರು. ಒಬ್ಬ ನಕ್ಕ: "ಓಹೋ, ಅಕ್ಕಾವ್ರೇ ಕುದ್ರೆ ಹತ್ತಕ್ ಬಂದವ್ರೆ!"

ಊದುಬತ್ತಿ ಹಚ್ಚಿ ಹೆಲ್ಮೆಟ್ಟಿನ ಕೆಳಗೆ ಹಿಡಿದೆ. ಮೇಲಿನಿಂದ ಒಂದೆಳೆ ಹೊಗೆ ಬರಲಿಲ್ಲ. ಒಳಗೇ ಸುತ್ತಿ, ಅಂಚಿನಿಂದ ನನ್ನ ಮುಖಕ್ಕೇ ಬಂತು. ನಗು ನಿಂತಿತು. ಯಜಮಾನರು ಬಗ್ಗಿ ಬುಡದ ಅಂಟನ್ನು ಉಗುರಿನಿಂದ ಕೆರೆದು ನೋಡಿದರು. ಮಾದೇವ ಕೈಯಲ್ಲಿದ್ದ ಹುಲ್ಲಿನ ಹೊರೆ ಇಳಿಸಿದ.

"ಇವ್ನು ಕುಡ್ದಿರ್ಲಿಲ್ಲ ಕಣ್ರೀ. ತೂತು ಮುಚ್ದೋಳು ನಾನು. ಮುಚ್ಚಿಟ್ಟೋಳೂ ನಾನೇ," ಎಂದೆ. ಆಮೇಲೆ ಅವನ ಕಡೆ ತಿರುಗಿದೆ. "ತಪ್ಪಾಯ್ತು ಕಣಪ್ಪ, ಮಾದೇವ."