ಪಂಚೆಯ ಮೇಲಿನ ಕಲೆ

ಪಕ್ಕದ ಮನೆಯ ಬಟ್ಟೆ ಹಗ್ಗ ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿ ದಿನಾ ಎರಡು ಪಂಚೆ, ಹಾಲಿನಷ್ಟು ಬಿಳಿ. ಆ ಮನೆಯ ಯಜಮಾನರು ಜೋಗದ ಕರೆಂಟ್ ಕೆಲಸದಿಂದ ನಿವೃತ್ತರಾಗಿ ಹೊಸನಗರದಲ್ಲಿ ನಮ್ಮ ಬೇಲಿಯಾಚೆ ಮನೆ ಕಟ್ಟಿದವರು. ಎಲೆಅಡಿಕೆ ಬಾಯಿಗೆ ಮುಟ್ಟಿಸಿದವರಲ್ಲ. ನನ್ನ ಗಂಡ ತೀರ್ಥಹಳ್ಳಿ–ಸಾಗರ ಬಸ್ಸಿನ ಡ್ರೈವರ್. ಊಟ ಬಿಟ್ಟಾರು, ಹೊಗೆಸೊಪ್ಪು ಹಾಕಿದ ಎಲೆಅಡಿಕೆ ಕವಳ ಬಿಡುವವರಲ್ಲ. ಮನೆಗೆ ಬಂದು ಉಟ್ಟ ಪಂಚೆಯ ಮೇಲೆಲ್ಲ ಕೆಂಪು ಕಲೆ. ನಾನು ಲಿಂಬೆಹುಳಿ ಹಾಕಿ ತಿಕ್ಕಿ ತಿಕ್ಕಿ ಸಾಯುವಾಗ ಆಚೆಯವಳು ಎರಡೇ ಸಲ ಕುಕ್ಕಿ, ಒಣಹಾಕಿ ಒಳಗೆ ಹೋಗುತ್ತಿದ್ದಳು.

ಒಂದು ದಿನ ಆ ಯಜಮಾನರು ನಮ್ಮ ಜಗಲಿಯಲ್ಲಿ ಚಹಾ ಕುಡಿಯುತ್ತ ಹೇಳಿದರು: "ಒಂದು ತಿಂಗಳಿಂದ ಸಂಡಾಸಲ್ಲಿ ರಕ್ತ ಹೋಗ್ತಿತ್ತು ಅಕ್ಕ. ಹೊಟ್ಟೆನೂ ಒಂದಿನ ಕಟ್ಟೋದು, ಒಂದಿನ ಬಿಡೋದು. ಮೂಲವ್ಯಾಧಿ ಅಂತ ಸುಮ್ನಿದ್ದೆ, ಇವಳೇ ಎಳ್ಕೊಂಡು ಹೋದ್ಲು. ಶಿವಮೊಗ್ಗದಲ್ಲಿ ಕ್ಯಾಮೆರಾ ಹಾಕಿ ನೋಡಿದ್ರೆ ಕರುಳಲ್ಲಿ ಗಂಟು. ಕ್ಯಾನ್ಸರ್ ಅಂತೆ. ಶುರುವಲ್ಲೇ ಸಿಕ್ತು, ಪುಣ್ಯ."

ಅವರು ಆಪರೇಷನ್ ಮಾಡಿಸಿಕೊಂಡು ಬಂದಾಗ ಕೇರಿಗೆ ಕೇರಿಯೇ ನೋಡಲು ಹೋಯಿತು. ಹೆಂಡತಿ ಅಂದರೆ ಹೀಗಿರಬೇಕು ಎಂದು ಎಲ್ಲರೂ ಅವಳನ್ನು ಹೊಗಳಿದರು. ನನಗೆ ಅದನ್ನೂ ಸಹಿಸಲಾಗಲಿಲ್ಲ. ಗಂಡನಿಗೆ ಬಡಿಸುತ್ತ ಅಂದೆ: "ಸಂಡಾಸಿನ ಸುದ್ದಿನೂ ಜಗಲೀಲಿ ಕೂತು ಹೇಳೋದಾ? ನಾಚಿಕೆ ಅನ್ನೋದು ಎಂತದೂ ಇಲ್ಲ ಆ ಮನುಷ್ಯಂಗೆ."

ಅವರು ಕಲಸಿದ ಅನ್ನ ಬಿಟ್ಟು ನನ್ನ ಮುಖ ನೋಡಿದರು. "ಹೌದು ಮಾರಾಯ್ತಿ" ಎಂದು ಎದ್ದು ಕೈ ತೊಳೆದರು.

ಆಮೇಲಾಮೇಲೆ ಅವರ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯಿತಲ್ಲ ಎಂದುಕೊಂಡೆ. ಪಂಚೆಯ ಹಿಂಭಾಗದಲ್ಲೂ ಕಲೆ ಬರತೊಡಗಿತು. ಉಗುಳಿದ ಜಾಗದಲ್ಲೇ ಕೂತಿರಬೇಕು ಎಂದು ಬೈದೆ. ಒಣಗಿದ ಮೇಲೆ ಕವಳದ ಕಲೆ, ರಕ್ತದ ಕಲೆ ಎರಡೂ ನನ್ನ ಕಣ್ಣಿಗೆ ಒಂದೇ. ಆಚೆಯ ಹಗ್ಗ ನೋಡುತ್ತ ಇನ್ನೂ ಜೋರಾಗಿ ಕುಕ್ಕಿದೆ.

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರ್ ಸೀಟಿನಿಂದ ಇಳಿಯುವಾಗ ಕುಸಿದು ಬಿದ್ದರು. ಮೈಯಲ್ಲಿ ರಕ್ತವೇ ಇಲ್ಲ ಎಂದರು ಆಸ್ಪತ್ರೆಯಲ್ಲಿ. ಎಷ್ಟು ದಿನದಿಂದ ರಕ್ತ ಹೋಗುತ್ತಿದೆ ಎಂದು ಡಾಕ್ಟರು ಕೇಳಿದರು.

"ವರ್ಷ ಆಯ್ತು. ಕವಳದ ರಸ ನುಂಗಿ ಹಂಗಾಗ್ತದೆ ಅಂದ್ಕೊಂಡಿದ್ದೆ."

"ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

"ಅಪ್ಪ ಹೀಗೇ ರಕ್ತ ಹೋಗಿ ತೀರ್ಕೊಂಡ್ರು."

"ಹಾಗಿದ್ರೆ ನೀವು ಎಲ್ರಿಗಿಂತ ಮೊದಲು ಪರೀಕ್ಷೆ ಮಾಡಿಸ್ಬೇಕಿತ್ತು. ಹೆಂಡತಿಗಾದ್ರೂ ಹೇಳ್ಬಾರ್ದಿತ್ತಾ?"

ಅವರು ನನ್ನ ಕಡೆ ನೋಡಿ, ಗೋಡೆ ಕಡೆ ತಿರುಗಿದರು. "ನಾಚಿಕೆ ಆಯ್ತು" ಎಂದರು.

ಅವರದೂ ಕರುಳಿನ ಕ್ಯಾನ್ಸರೇ; ಅಷ್ಟರಲ್ಲಿ ಅದು ಯಕೃತ್ತು, ಶ್ವಾಸಕೋಶ ಎಲ್ಲ ಹಿಡಿದಿತ್ತು. ಆ ಮಳೆಗಾಲ ಮುಗಿಯುವವರೆಗೂ ಅವರು ಉಳಿಯಲಿಲ್ಲ.

ಈಗಲೂ ಬೆಳಿಗ್ಗೆ ಬೇಲಿಯಾಚೆ ಅವಳು, "ಹೊಟ್ಟೆ ಸರಿ ಹೋಯ್ತಾ?" ಎಂದು ಗಂಡನನ್ನು ಕೇಳುತ್ತಾಳೆ. ಆ ಯಜಮಾನರು ನಾಚದೆ, ಕೇರಿಗೆಲ್ಲ ಕೇಳುವ ಹಾಗೆ ಉತ್ತರ ಕೊಡುತ್ತಾರೆ. ಆ ಎರಡು ಮಾತು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ, ಪಂಚೆ ನೋಡಿ ಎಂದೂ ಅಷ್ಟು ಉರಿದಿರಲಿಲ್ಲ. ಒಗೆಯುವ ಕಲ್ಲಿನ ಮೇಲೆ ನನ್ನದೇ ಎರಡು ಸೀರೆ. ತಿಕ್ಕುವುದಕ್ಕೆ ಏನೂ ಇಲ್ಲ.